ಎಡಕ್ಕೆ ನೋಡುವ ನವಿಲು

ಆ ಫಾರ್ಮ್‌ನಲ್ಲಿ ಒಂದೇ ಒಂದು ಕಾಲಂ ಖಾಲಿ ಉಳಿದಿತ್ತು...

'ಕಲಿಸಿದವರ ಹೆಸರು ಮತ್ತು ಸಹಿ.'

ಜೈಬುನ್ನಿಸಾ ಡಿಗ್ರಿ ಕೊನೆಯ ವರ್ಷದ ಹುಡುಗಿ. ಅಜ್ಜಿಗೆ ಟೈಫಾಯ್ಡ್ ಆದಾಗ ಎರಡು ತಿಂಗಳು ಕಾಲೇಜು ತಪ್ಪಿ, ಒಂದು ಐಚ್ಛಿಕ ವಿಷಯದ ಎರಡು ಕ್ರೆಡಿಟ್ ಕೈಬಿಟ್ಟುಹೋಗಿದ್ದವು.

ಎರಡೇ ಎರಡು! ಅವಿಲ್ಲದೆ ಡಿಗ್ರಿ ಇಲ್ಲ... ಡಿಗ್ರಿ ಇಲ್ಲದೆ ಬಿ.ಎಡ್ ಸೀಟಿಲ್ಲ. ಟೀಚರ್ ಆಗಬೇಕೆಂಬುದು ಅವಳ ಚಿಕ್ಕಂದಿನ ಆಸೆ.

ಆ ವರ್ಷ ಕಾಲೇಜಿನಲ್ಲಿ ಹೊಸ ನಿಯಮ ಬಂದಿತ್ತು. ಕ್ಲಾಸಿನ ಹೊರಗೆ ಕಲಿತ ವಿದ್ಯೆಯನ್ನು ಕಮಿಟಿಯ ಮುಂದೆ ಮಾಡಿ ತೋರಿಸಿದರೆ ಅದಕ್ಕೂ ಕ್ರೆಡಿಟ್ ಸಿಗುತ್ತದೆ. ಆದರೆ ಕಲಿಸಿದವರ ಸಹಿ ಬೇಕು.

ಜೈಬುಗೆ ಜಮಖಾನ ನೇಯಲು ಬರುತ್ತಿತ್ತು. ಹೇಗೆ ಬಂತು ಅಂತ ಮಾತ್ರ ಹೇಳುವ ಹಾಗಿರಲಿಲ್ಲ... ಅವಳ ಮನಸ್ಸಿನಲ್ಲಿ ಅದು ಕದ್ದ ವಿದ್ಯೆ.

ಅವರ ಮನೆತನದಲ್ಲಿ ನೇಯ್ಗೆ ಹೆಂಗಸರ ಕಸುಬು. ಅದನ್ನು ಸೊಸೆಗೆ ಕಲಿಸುತ್ತಾರೆ, ಮಗಳಿಗೆ ಕಲಿಸುವುದಿಲ್ಲ. ಮಗಳು ಮದುವೆಯಾಗಿ ಹೋದರೆ ಮನೆಯ ಗುಟ್ಟೂ ಅವಳ ಜೊತೆ ಹೋಗಿಬಿಡುತ್ತದೆ ಅಂತ!

ನಿಂತ ಮಗ್ಗದ ಬೆನ್ನಿಗೆ ಒಂದು ಪರದೆಯನ್ನೂ ಕಟ್ಟುತ್ತಿದ್ದರು. ಹೆಣ್ಣುಮಕ್ಕಳು ಹಿಂದಿನಿಂದಲೂ ಇಣುಕಬಾರದಲ್ಲ...

ಜೈಬುವಿನ ತಾಯಿ ತೀರಿಕೊಂಡ ಮೇಲೆ ಮಗ್ಗದ ಮುಂದೆ ಉಳಿದವಳು ಅಜ್ಜಿ ಖಾಜಾಬಿ ಒಬ್ಬಳೇ. ಮೊಮ್ಮಗಳಿಗೆ ಮಗ್ಗದ ಹಿಂದೆ ಕೂತು ನೂಲಿನ ಉಂಡೆ ಸುತ್ತುವ ಕೆಲಸ.

ಅಷ್ಟರಲ್ಲಾಗಲೇ ಪರದೆ ಇರಲಿಲ್ಲ. ಹಳೆಯದು, ಹರಿದುಹೋಗಿರಬೇಕು, ಅಜ್ಜಿ ಮತ್ತೆ ಕಟ್ಟಲು ಮರೆತಿರಬೇಕು ಅಂದುಕೊಂಡಳು ಹುಡುಗಿ.

ಅಜ್ಜಿಗೆ ಮರೆವೂ ಬಂದಿತ್ತೋ ಏನೋ... ಒಂದು ಸಾಲು ನೇಯುವಳು, "ಅಯ್ಯ, ತಪ್ಪಿತು" ಎಂದು ಬಿಚ್ಚುವಳು, ಮತ್ತೆ ನಿಧಾನವಾಗಿ ನೇಯುವಳು. ಮುದುಕಿಯ ಕಣ್ಣು ಮಂಜಾಯಿತು ಅಂತ ಓಣಿಯವರೆಲ್ಲ ಮಾತಾಡಿಕೊಂಡರು.

ಜೈಬು ಎಳೆಗಳ ಸಂದಿಯಿಂದ ನೋಡಿ ನೋಡಿಯೇ ಕಲಿತಳು. ತಾರಸಿಯ ಮೇಲೆ ಮುರಿದ ಮಂಚದ ಚೌಕಟ್ಟಿಗೆ ಉಳಿದ ನೂಲು ಕಟ್ಟಿ, ಯಾರಿಗೂ ಕಾಣದಂತೆ ಕೈ ಪಳಗಿಸಿಕೊಂಡಳು. ಒಂದಲ್ಲ ಎರಡಲ್ಲ, ಒಂಬತ್ತು ವರ್ಷ!

ಅಜ್ಜಿ ಪ್ರೀತಿಯಿಂದ ಊಟಕ್ಕೆ ಬಡಿಸಿದಾಗಲೆಲ್ಲ ಆ ಕಳ್ಳತನ ನೆನಪಾಗಿ ಅವಳು ಬೇಗ ಬೇಗ ಉಂಡು ಎದ್ದುಬಿಡುತ್ತಿದ್ದಳು.

ಕಮಿಟಿಯ ಮುಂದೆ ಅದೇ ಚೌಕಟ್ಟು ಇಟ್ಟುಕೊಂಡು, ಅರ್ಧ ಮುಗಿದಿದ್ದ ಒಂದು ನವಿಲನ್ನು ನೇಯ್ದು ತೋರಿಸಿದಳು. ಕಮಿಟಿಯಲ್ಲಿದ್ದ ಬೆಳವಡಿ ಮೇಡಂ ಎದ್ದು ಬಂದು ನೋಡಿದರು.

ಆ ಕೋಣೆಯ ಗೋಡೆಯ ಮೇಲೆ ಖಾಜಾಬಿ ಎಂದೋ ನೇಯ್ದು ಕಾಲೇಜಿಗೆ ಮಾರಿದ್ದ ನವಿಲಿನ ಜಮಖಾನ ತೂಗುತ್ತಿತ್ತು. ಮೇಡಂ ಅದನ್ನೂ ನೋಡಿದರು, ಇದನ್ನೂ ನೋಡಿದರು.

"ನಿಮ್ಮಜ್ಜಿ ನವಿಲು ಬಲಕ್ಕ ನೋಡತೈತಿ. ನಿಂದ್ಯಾಕ ಎಡಕ್ಕ ನೋಡತೈತಿ?"

"ನನ್ನ ಕೈಗೆ ಹಂಗಾ ಬರತೈತ್ರಿ ಮೇಡಂ..."

"ಹಂಗಾದ್ರ ಅಜ್ಜಿ ಕಲಸಿಲ್ಲ. ಮತ್ತ ಯಾರು ಕಲಸಿದ್ರು?"

"ಯಾರೂ ಇಲ್ರಿ."

"ಯಾರೂ ಕಲಸದಾ ಇದು ಬರತೈತೇನವ್ವಾ? ನಾಳಿಗೆ ಕಡೀ ದಿನ. ಸಹಿ ಇಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ."

ಮನೆಗೆ ಬಂದವಳು ಅಜ್ಜಿಯ ಕಾಲ ಬಳಿ ಕುಸಿದು ಕೂತಳು.

"ದಾದಿ... ನಾ ನಿನ್ನ ಕಸಬು ಕದ್ದೀನಿ. ಒಂಬತ್ತು ವರ್ಷ ಮಗ್ಗದ ಹಿಂದ ಕುಂತು ಕದ್ದೀನಿ."

ಅಜ್ಜಿ ಬೈಯಲಿಲ್ಲ. ಮಗ್ಗದ ಮೇಲಿದ್ದ ಕೈ ಮಾತ್ರ ಅಲ್ಲೇ ನಿಂತಿತು.

ಮರುದಿನ ಬೆಳಿಗ್ಗೆ ಅಜ್ಜಿ ಬುರ್ಖಾ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಡಿ, ನಿನ್ನ ಕಾಲೇಜಿಗೆ."

ಎಪ್ಪತ್ತು ವರ್ಷದಲ್ಲಿ ಖಾಜಾಬಿ ಕಾಲೇಜಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು...

"ನಾನಾ ಕಲಸೀನ್ರಿ. ಬರಕೋರಿ ನನ್ನ ಹೆಸರು."

"ಮತ್ತ ನವಿಲು ಎಡಕ್ಕ ಯಾಕ ನೋಡತೈತಿ ಅಮ್ಮಾ?" ಎಂದರು ಮೇಡಂ.

"ಈಕಿ ಮಗ್ಗದ ಹಿಂದ ಕುಂತು ಕಲತಾಳ್ರಿ. ಹಿಂದಿನಿಂದ ನೋಡಿದ್ರ ನವಿಲು ಎಡಕ್ಕ ಕಾಣತೈತಿ."

ಜೈಬು ತಲೆ ತಗ್ಗಿಸಿದಳು. ಅಜ್ಜಿ ಅವಳ ಕಡೆ ತಿರುಗಿದಳು.

"ಪರದಾ ತಾನಾ ಹರದಿಲ್ಲ ಬೇಟಿ. ನಾನಾ ಹರದು ಒಲಿಗೆ ಹಾಕೀನಿ."

"ದಾದಿ..."

"ಈಕಿ ಸೋದರತ್ತಿ ಅಂದ್ರ ನನ್ನ ಮಗಳಿಗೆ ಪರದಾ ಕಟ್ಟಿದ್ದೆರಿ ಮೇಡಂ. ಗಂಡ ಬಿಟ್ಟ ಮ್ಯಾಲ ಆಕಿ ಕೈಯಾಗ ಒಂದು ಕಸಬಿಲ್ಲ... ಇವತ್ತಿಗೂ ಮಂದಿ ಮನಿ ಭಾಂಡೆ ತಿಕ್ಕತಾಳ. 'ಅಮ್ಮಾ, ನನಗೂ ಕಲಸಬೇಕಿತ್ತಲ್ಲಾ' ಅಂತ ಒಂದಿನ ಅಂದ್ಲು. ಆ ಮಾತು ನನ್ನ ಎದಿಯಾಗ ಹಂಗಾ ಕುಂತೈತಿ."

ಅಜ್ಜಿ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟಳು.

"ಮಗಳಿಗೆ ಕಲಸಂಗಿಲ್ಲ ಅಂತ ನಮ್ಮತ್ತಿ ಮುಂದ ಮಾತು ಕೊಟ್ಟಿದ್ದೆ. ಮೊಮ್ಮಗಳನ್ನ ಮುಂದ ಕುಂದ್ರಿಸಿ ಕಲಸೋ ಧೈರ್ಯ ಬರಲಿಲ್ಲ. ಅದಕ್ಕ ನೇಯೋದು, ಬಿಚ್ಚೋದು, ಮತ್ತ ನೇಯೋದು ಮಾಡಿದೆ. ನನ್ನ ಕಣ್ಣಿಗೆ ಏನೂ ಆಗಿಲ್ರಿ... ಈಕಿ ಕಣ್ಣಿಗೆ ಬೀಳಲಿ ಅಂತ ಬಿಚ್ಚತಿದ್ದೆ."

ಜೈಬು ಅಲ್ಲೇ, ಎಲ್ಲರ ಎದುರಿಗೇ ಅಜ್ಜಿಯನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಒಂಬತ್ತು ವರ್ಷ ತಾನು ಕದ್ದೆ ಎಂದು ನೊಂದುಕೊಂಡದ್ದನ್ನು ಈ ಜೀವ ಒಂಬತ್ತು ವರ್ಷವೂ ಕೊಡುತ್ತಲೇ ಇತ್ತಲ್ಲ!

ಮೇಡಂ ಫಾರ್ಮ್ ಮುಂದಿಟ್ಟರು. ಖಾಜಾಬಿ ಖಾಲಿ ಕಾಲಂನಲ್ಲಿ ಉರ್ದುವಿನಲ್ಲಿ ತನ್ನ ಹೆಸರು ಬರೆದಳು.

ಎರಡು ಕ್ರೆಡಿಟ್ ಸಿಕ್ಕವು...

ಅಂದು ಮನೆಗೆ ಬಂದ ಜೈಬು ಅಭ್ಯಾಸಬಲದಿಂದ ಮಗ್ಗದ ಹಿಂದೆ ಹೋಗಿ ಕೂತಳು.

"ಅಲ್ಲಲ್ಲ, ಈ ಕಡೆ ಬಾ," ಎಂದು ಅಜ್ಜಿ ಹಲಗೆಯ ಮೇಲೆ ಎಡಕ್ಕೆ ಸರಿದು ಜಾಗ ಮಾಡಿದಳು.

"ಮಂದಿ ಏನಂತಾರ ದಾದಿ?"

"ಅನ್ನಲಿ ಬಿಡು. ನನ್ನ ಹೆಸರು ನಾನಾ ಬರದು ಬಂದೀನಿ."

"ನನ್ನ ನವಿಲನ್ನೂ ಬಲಕ್ಕ ತಿರುಗಿಸಲೇನು?"

"ಬ್ಯಾಡ. ಅದು ನಿಂದು, ಹಂಗಾ ಇರಲಿ."

ಇಬ್ಬರೂ ಕೂತು ನೇಯ್ದ ಆ ಜಮಖಾನದಲ್ಲಿ ಎಡಗಡೆ ಅಜ್ಜಿಯ ನವಿಲು, ಬಲಗಡೆ ಮೊಮ್ಮಗಳ ನವಿಲು... ಮೊದಲ ಸಲ ಎರಡೂ ಒಂದನ್ನೊಂದು ನೋಡುತ್ತಿದ್ದವು.

.

ಕಲಿಸುತ್ತೇನೆ ಎಂದು ಬಾಯಿಬಿಟ್ಟು ಹೇಳದೆಯೂ ಕಲಿಸಿದವರು ಗುರುಗಳೇ.

ನಿಮ್ಮ ಬದುಕಿನ ಆ ಖಾಲಿ ಕಾಲಂನಲ್ಲಿ ನೀವು ಯಾರ ಹೆಸರು ಬರೆಯುತ್ತೀರಿ...?