ಅಪ್ಪ ತಂದ ಮೀನಿನ ತೊಟ್ಟಿ

ನಲ್ಲಿ ನೀರಿನಲ್ಲಿ ಬ್ಲೀಚಿಂಗ್ ಪೌಡರಿನ ವಾಸನೆ ಬಂದಾಗಲೆಲ್ಲ ನನಗೆ ನಂಜನಗೂಡಿನ ಬಾಡಿಗೆ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಏಳು ವರ್ಷ. ಹೆರಿಗೆಗೆಂದು ಆಸ್ಪತ್ರೆಗೆ ಹೋಗಿದ್ದ ಅಮ್ಮ ಬರಿಗೈಯಲ್ಲಿ ಮನೆಗೆ ಬಂದು ಹದಿನೈದು ದಿನವಾಗಿತ್ತು. ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಊಟ ಅರ್ಧಕ್ಕೇ ಬಿಡುತ್ತಿದ್ದಳು, ಮಾತಂತೂ ಇರಲೇ ಇಲ್ಲ. ಹದಿನಾರು ಎಂಬ ಊರಿನಿಂದ ಬಂದಿದ್ದ ಅಜ್ಜಿ ನನಗೆ, "ಏನೂ ಕೇಳ್ಬೇಡ ಕಣವ್ವ, ಸುಮ್ನೆ ಪಕ್ಕ ಕೂತ್ಕೊ" ಎಂದಿದ್ದಳು.

ಆ ದಿನ ಅಪ್ಪ ಫ್ಯಾಕ್ಟರಿಯಿಂದ ಬರುವಾಗ ಆಟೋದಲ್ಲಿ ಗಾಜಿನ ತೊಟ್ಟಿಯೊಂದನ್ನು ತಬ್ಬಿಕೊಂಡು ಬಂದರು. ಜೊತೆಗೆ ಗಾಳಿ ತುಂಬಿದ ಕವರಿನಲ್ಲಿ ನಾಲ್ಕು ಕಿತ್ತಳೆ ಬಣ್ಣದ ಮೀನು. ಅಮ್ಮನ ಮಂಚದ ಎದುರಿಗೆ ತೊಟ್ಟಿಯನ್ನಿಟ್ಟು ಇಬ್ಬರೂ ನಲ್ಲಿ ನೀರು ತುಂಬಿದೆವು.

"ಈಗ ಮೀನ್ ಸಾಕೋ ಒತ್ತೇನ್ಲಾ ಮಗ?" ಎಂದಳು ಅಜ್ಜಿ.

ಅಪ್ಪ ಕವರಿನ ರಬ್ಬರ್‌ಬ್ಯಾಂಡ್ ಬಿಚ್ಚತೊಡಗಿದರು.

"ಬಿಡ್ಬೇಡಿ. ನೀರು ಔಷ್ದಿ ವಾಸ್ನೆ ಬತ್ತಾ ಅದೆ. ಸತ್ತೋಯ್ತವೆ."

ಅಮ್ಮ ಎದ್ದು ಕೂತಿದ್ದಳು. ಅಪ್ಪನ ಕೈ ಹಾಗೇ ನಿಂತಿತು. "ಮತ್ತೇನ್ ಮಾಡ್ಲಿ, ನೀನೇ ಯೋಳು" ಎಂದರು.

"ಪಕ್ಕದ ಮನೆ ಬೋರ್ ನೀರು ತನ್ನಿ."

ತೊಟ್ಟಿಯನ್ನು ಬರಿದು ಮಾಡಿ ಮತ್ತೆ ತುಂಬಿದೆವು. ಅಮ್ಮ ಗೋಡೆ ಹಿಡಿದುಕೊಂಡು ಬಂದು ಸ್ಟೂಲಿನ ಮೇಲೆ ಕೂತಳು. ಮೀನುಗಳು ಹೊಸ ನೀರಿಗೆ ಒಗ್ಗಲೆಂದು, ಕವರನ್ನು ಎರಡೂ ಕೈಯಲ್ಲಿ ಹಿಡಿದು ತೇಲಿಸುತ್ತ ಅಲ್ಲೇ ಇದ್ದಳು.

ಅಜ್ಜಿ ಒಳಗೆ ಹೋಗಿ ಮುದ್ದೆ ಸಾರಿನ ತಟ್ಟೆ ತಂದು, ಒಂದೊಂದೇ ತುತ್ತನ್ನು ಅವಳ ಬಾಯಿಗಿಟ್ಟಳು. ಮೀನುಗಳಿಂದ ಕಣ್ಣು ತೆಗೆಯದೆ ಅಮ್ಮ ತಟ್ಟೆಯಲ್ಲಿದ್ದ ಅಷ್ಟನ್ನೂ ತಿಂದಳು.