ಎದುರು ನಿಂತು ಹೇಳಬೇಕಾದ ಮಾತು

“ಹಸು ಮೇಯಿಸೋಕೆ ಹೊರಟ ಹಾಗೆ ಓಡಿಸ್ತೀರಲ್ಲ ಫಾದರ್,” ಎಂದ ಸಾರ್ಜೆಂಟ್ ಬಿಯರ್ಡನ್. “ಅಷ್ಟರಲ್ಲಿ ಯಾರಾದ್ರೂ ಫೋನ್ ಮಾಡಿ ಹೇಳ್ಬಿಟ್ರೆ?”

ಸೈನ್ಯದ ಪಾದ್ರಿ ಕೊಜ್ಲಿಕ್ ಕಾರಿನ ವೇಗ ಹೆಚ್ಚಿಸಿದರು.

ಸಾವಿನ ಕಾಗದ ಬೆಳಿಗ್ಗೆ ಹತ್ತಕ್ಕೆ ಬಿಯರ್ಡನ್‌ನ ಮೇಜಿಗೆ ಬಂದಿತ್ತು. ಸಮುದ್ರದಾಚೆಯ ಯಾವುದೋ ಮರಳುಗಾಡಿನಲ್ಲಿ ಟ್ರಕ್ ಮಗುಚಿತ್ತು. ಸತ್ತವನಿಗೆ ಹತ್ತೊಂಬತ್ತು ವರ್ಷ. ತಾಯಿಗೆ ನಾಲ್ಕು ಗಂಟೆಯೊಳಗೆ ತಿಳಿಸಬೇಕು. ಫೋನಿನಲ್ಲಿ ಒದರುವ ಸುದ್ದಿಯಲ್ಲ ಇದು. ಪೂರ್ತಿ ಸಮವಸ್ತ್ರ ತೊಟ್ಟು, ಪಾದ್ರಿಯನ್ನು ಜೊತೆಗಿಟ್ಟುಕೊಂಡು, ಎದುರು ನಿಂತು ಹೇಳಬೇಕು. ‘ತೀರಿಕೊಂಡ’ ಎನ್ನುವಂತಿಲ್ಲ, ‘ಸತ್ತ’ ಎನ್ನಬೇಕು. ಮನೆಯವರು ತಾವಾಗಿ ಕೈಚಾಚದೆ ಅವರನ್ನು ಮುಟ್ಟುವಂತಿಲ್ಲ.

ಬಿಯರ್ಡನ್ ಇಂಥ ಹನ್ನೊಂದು ಬಾಗಿಲು ತಟ್ಟಿದ್ದ. ಒಬ್ಬ ತಂದೆ ಅವನ ಮೂಗು ಮುರಿದಿದ್ದ. ಅದು ಸರಿಯೇ ಎಂದು ಬಿಯರ್ಡನ್‌ಗೆ ಅನ್ನಿಸಿತ್ತು.

ಇವತ್ತು ತೊಟ್ಟ ಕೋಟು ಕಚೇರಿಯ ಗೆಳೆಯನದು, ಭುಜದಲ್ಲಿ ಬಿಗಿ. ತನ್ನದು ಮನೆಯಲ್ಲಿತ್ತು, ಹೋಗಿ ತರುವಂತಿರಲಿಲ್ಲ.

ಹೇಳಬೇಕಾದ ವಾಕ್ಯವನ್ನು ಅವನು ಮೂರು ಸಲ ಗೊಣಗಿಕೊಂಡ. ಸೈನ್ಯದ ಕಾರ್ಯದರ್ಶಿಯವರು ತೀವ್ರ ವಿಷಾದದಿಂದ ತಿಳಿಸಬಯಸುತ್ತಾರೆ, ನಿಮ್ಮ ಮಗ... ಹೆಸರು ಬರುವ ಜಾಗದಲ್ಲಿ ಮೂರು ಸಲವೂ ನಿಂತ.

ಬೇರೆ ಸಾರ್ಜೆಂಟರು ಇದ್ದಾರೆ, ನೀವೇ ಹೋಗಬೇಕೆಂದಿಲ್ಲ ಎಂದು ಪಾದ್ರಿ ಕಚೇರಿಯಲ್ಲೇ ಎರಡು ಸಲ ಹೇಳಿದ್ದರು. ಈಗ ಮತ್ತೆ ಹೇಳಿದರು.

“ಸೈನ್ಯಕ್ಕೆ ಸೇರೋವಾಗ ಹುಡುಗನಿಗೆ ಹದಿನೇಳು, ತಾಯಿ ಒಪ್ಪಿಗೆನೂ ಬೇಕಿತ್ತು. ಸಹಿ ಹಾಕಲ್ಲ ಅಂತ ಅವಳು ಪೆನ್ ಎಸೆದಿದ್ಲು,” ಎಂದ ಬಿಯರ್ಡನ್. “ಅಡುಗೆಮನೆ ಮೇಜಿನ ಮುಂದೆ ಕೂತು, ಏನೂ ಆಗಲ್ಲ ಅಂತ ಒಪ್ಪಿಸಿದವನು ನಾನು. ಈಗ ಬೇರೆಯವರನ್ನ ಕಳಿಸಿ ಬಚ್ಚಿಟ್ಕೊಳ್ಲಾ?”

“ಅವರು ನಿಮ್ಮ ಮುಖ ನೋಡಲ್ಲ ಅಂದ್ರೆ?”

“ನೋಡ್ದೆ ಇರ್ಲಿ. ಹೇಳೋದು ನಾನೇ.”

ಕಾರು ಸೈನಿಕರ ವಸತಿಯೊಳಗೆ ತಿರುಗಿತು. ನಂಬರು ಹುಡುಕುತ್ತ ಪಾದ್ರಿ ಕಿಟಕಿಯಾಚೆ ಬಗ್ಗಿದರು. ಬಿಯರ್ಡನ್ ತಲೆ ಎತ್ತದೆಯೇ, ಎಡಕ್ಕೆ, ಮೂರನೆಯದು ಎಂದ.

ಬೀದಿಯಲ್ಲಿ ಗಂಡಂದಿರನ್ನು, ಮಕ್ಕಳನ್ನು ಯುದ್ಧಕ್ಕೆ ಕಳಿಸಿದ ಹೆಂಗಸರೇ ಹೆಚ್ಚು. ಕಾರು ಮುಂದೆ ಹೋದಂತೆ ಪರದೆಗಳು ಒಂದೊಂದಾಗಿ ಸರಿದವು. ತಮ್ಮ ಮನೆ ದಾಟಿತೆಂದು ಉಸಿರುಬಿಡುವುದು, ಉಸಿರುಬಿಟ್ಟೆನಲ್ಲ ಎಂದು ನಾಚುವುದು, ಎರಡೂ ಅವರಿಗೆ ಗೊತ್ತು. ಗಿಡಕ್ಕೆ ನೀರು ಹಾಕುತ್ತಿದ್ದವಳು ಬಿಯರ್ಡನ್ ಇಳಿಯುವುದನ್ನು ನೋಡಿ ಕೈ ಎತ್ತಿದಳು. ಹಿಂದೆ ಇಳಿದವರ ಕೋಟಿನ ಮೇಲಿನ ಶಿಲುಬೆ ಕಂಡಿತು. ಎತ್ತಿದ ಕೈ ಅಲ್ಲೇ ನಿಂತಿತು. ಪೈಪಿನ ನೀರು ಅವಳ ಚಪ್ಪಲಿಯ ಮೇಲೆ ಹರಿಯುತ್ತಿತ್ತು.

ಒಳಗಿನಿಂದ ನಾಯಿ ಬಾಗಿಲಿಗೆ ಬಂದು ಉಗುರಿನಿಂದ ಕೆರೆಯಿತು, ಬೊಗಳಲಿಲ್ಲ. ಬಿಯರ್ಡನ್ ಬೆಲ್ ಒತ್ತಿ, ಒಂದು ಹೆಜ್ಜೆ ಹಿಂದೆ ಸರಿದು, ನೆಟ್ಟಗೆ ನಿಂತ. ಪಾದ್ರಿ ಅವನ ಬೆನ್ನ ಹಿಂದೆ ಮರೆಯಾಗಿದ್ದರು.

ಬಾಗಿಲು ತೆರೆಯಿತು. ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡ ಹೆಂಗಸು ಅವನನ್ನು ನೋಡಿ ನಕ್ಕಳು.

“ಇದೇನ್ರೀ, ಇಷ್ಟು ಬೇಗ ಬಂದ್ಬಿಟ್ರಿ? ಮನೆ ಕೀ ಮರೆತು ಹೋದ್ರಾ?”