ಸಾವಿರದ ಒಂಬತ್ತನೆಯ ಕಡ್ಡಿ

ಪಿರಿಯಾಪಟ್ಟಣದ ದಾರಿಯಲ್ಲಿ ಹಸಿ ಹೊಗೆಸೊಪ್ಪಿನ ವಾಸನೆ ಬಂದರೆ ನನಗೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ. ಅಪ್ಪ ಮತ್ತು ಇಬ್ಬರು ಚಿಕ್ಕಪ್ಪಂದಿರು ಬೇರೆಯಾಗುವ ದಿನ ಅದು. ಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್ನಿಗೆ ಏರಿಸಲು ಸೊಪ್ಪು ಕಟ್ಟಿಟ್ಟ ಕಡ್ಡಿಗಳು ಸಾವಿರದ ಎಂಟಿದ್ದವು. ಅವೂ ಪಾಲಾಗಬೇಕಿತ್ತು.

"ಮೂರು ಪಾಲಿಗೆ ಸಮ ಬತ್ತದಾ ಮಗಾ?" ಅಜ್ಜಿ ಮೆಲ್ಲಗೆ ನನ್ನನ್ನು ಕೇಳಿದಳು.

"ಬತ್ತದೆ. ಎರಡು, ನಾಕು, ಏಳು, ಎಲ್ಲಕ್ಕೂ ಬತ್ತದೆ."

"ಇನ್ನೊಂದು ಸೇರಿದ್ರೆ?"

ನೋಟ್‌ಬುಕ್ಕಿನಲ್ಲಿ ಬಹಳ ಹೊತ್ತು ಭಾಗಿಸಿ ನೋಡಿದೆ. "ಅದು ಅವಿಭಾಜ್ಯ ಸಂಖ್ಯೆ ಕಣಜ್ಜಿ. ಯಾವುದ್ರಿಂದ್ಲೂ ಭಾಗ ಆಗಲ್ಲ."

ಅಜ್ಜಿ ಸೊಪ್ಪಿನ ಅಂಟು ಹತ್ತಿದ ಕೈಯಲ್ಲೇ ಕೆಳಗೆ ಉದುರಿದ್ದ ಎಲೆ ಆಯ್ದು ಇನ್ನೊಂದು ಕಡ್ಡಿ ಕಟ್ಟಿದಳು.

ಅಪ್ಪ ಮೂರು ಪಾಲು ಮಾಡಿ ಎರಡು ಸಲ ಎಣಿಸಿದ. ಒಂದು ಉಳಿಯಿತು. "ಇದು ಯಾರ್ದವ್ವ?" ಎಂದ.

"ಅದಿನ್ನೂ ಪಾಲಾಗಿಲ್ಲ ಕಣಪ್ಪ," ಎನ್ನುತ್ತ ಅಜ್ಜಿ ಮೂವರಿಗೂ ಒಂದೇ ಸಾಲಿನಲ್ಲಿ ತಟ್ಟೆ ಇಟ್ಟಳು.